ಆರಂಭದ ಇಂಗ್ಲಿಷ್ ವಸಾಹತುಗಳು: ಅಧ್ಯಯನಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ 1607ರಿಂದ 1733ರವರೆಗೆ ಒಂದರ ಹಿಂದೆ ಒಂದರಂತೆ ನೆಲೆಯೂರಿದ ಇಂಗ್ಲಿಷ್ ವಸಾಹತುಗಳ ಸ್ಥಾಪನೆ ಮತ್ತು ಆಡಳಿತದ ಬಗ್ಗೆ ಓದಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಆಯ್ಕೆಯದು. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನವಾದ ಹದಿಮೂರು ವಸಾಹತುಗಳನ್ನೂ ಒಂದೇ ಆಳದಲ್ಲಿ ಓದುವುದು ಸ್ನಾತಕೋತ್ತರ ತರಗತಿಯ ಒಂದು ಪ್ರಬಂಧಕ್ಕಾಗಲಿ ಬಿಡುವಿನ ಓದಿಗಾಗಲಿ ನಿಲುಕುವ ಕೆಲಸವಲ್ಲ. ಎಲ್ಲವನ್ನೂ ಮೇಲುಮೇಲೆ ನೋಡಿದರೆ ಸ್ಥಾಪಕರ ಹೆಸರು, ಇಸವಿ, ಧರ್ಮಪಂಥಗಳ ಪಟ್ಟಿಯೊಂದು ಕೈಯಲ್ಲಿ ಉಳಿಯುತ್ತದೆಯೇ ಹೊರತು ಆಳ್ವಿಕೆ ಹೇಗೆ ನಡೆಯಿತು ಎಂಬುದು ತಿಳಿಯುವುದಿಲ್ಲ. ಒಂದನ್ನೋ ಎರಡನ್ನೋ ಆರಿಸಿಕೊಂಡು ಚೆನ್ನಾಗಿ ಓದುವುದೇ ಮೇಲು. ಆ ಆಯ್ಕೆಗೆ ನೆರವಾಗುವಂತೆ ಪ್ರಮುಖ ವಸಾಹತುಗಳನ್ನು ಇಲ್ಲಿ ಹೋಲಿಸಲಾಗಿದೆ.

ಹೋಲಿಸುವ ಬಗೆ

ಪಠ್ಯಪುಸ್ತಕಗಳು ಈ ವಸಾಹತುಗಳನ್ನು ರಾಜಾಧೀನ (ದೊರೆಯೇ ಆಳುವ), ಒಡೆತನದ (ದೊರೆಯಿಂದ ನೆಲ ಪಡೆದ ಒಡೆಯರು ಆಳುವ) ಮತ್ತು ಸನ್ನದಿನ (ದೊರೆ ಕೊಟ್ಟ ಅಧಿಕಾರಪತ್ರದಡಿ ತಮ್ಮನ್ನು ತಾವೇ ಆಳಿಕೊಳ್ಳುವ) ವಸಾಹತುಗಳೆಂದು ಮೂರಾಗಿ ವಿಂಗಡಿಸುತ್ತವೆ. ಪರೀಕ್ಷೆಗೆ ಇದು ಸಾಕಾಗಬಹುದು. ಆಯ್ಕೆಗೆ ಇದನ್ನು ನೆಚ್ಚಿಕೊಳ್ಳಲಾಗದು, ಏಕೆಂದರೆ ಆ ವಿಂಗಡಣೆ ಸೂಚಿಸುವುದು ಅವು ಕೊನೆಗೆ ತಲುಪಿದ ಸ್ಥಿತಿಯನ್ನು, ಹುಟ್ಟಿದ ಬಗೆಯನ್ನಲ್ಲ. ವರ್ಜೀನಿಯಾ ಹುಟ್ಟಿದ್ದು ಷೇರು ಕಂಪನಿಯ ಉದ್ಯಮವಾಗಿ, ರಾಜಾಧೀನವಾದದ್ದು 1624ರಲ್ಲಿ. ಮೇರಿಲ್ಯಾಂಡ್‌ನ ಆಡಳಿತ ಒಡೆಯನ ಕೈಯಿಂದ ದೊರೆಯ ಕೈಗೆ ಹೋಗಿ 1715ರಲ್ಲಿ ಮತ್ತೆ ಒಡೆಯನ ಕೈಗೆ ಬಂತು. ಕೆರೊಲಿನಾ 1663ರಲ್ಲಿ ಎಂಟು ಮಂದಿ ಶ್ರೀಮಂತರ ಒಡೆತನದಲ್ಲಿತ್ತು. 1729ರಲ್ಲಿ ಎಂಟರಲ್ಲಿ ಏಳು ಪಾಲುಗಳನ್ನು ದೊರೆ ಕೊಂಡುಕೊಂಡ.

ಇದಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವ ಪ್ರಶ್ನೆಗಳು ಮೂರು: ಸನ್ನದು ಯಾರ ಹೆಸರಿನಲ್ಲಿತ್ತು, ಆ ಸನ್ನದಿನ ಕಾಗದ ಅಟ್ಲಾಂಟಿಕ್ ಸಾಗರದ ಯಾವ ದಡದಲ್ಲಿತ್ತು, ತೆರಿಗೆ ಹಾಕುವುದಕ್ಕೆ ಯಾರ ಒಪ್ಪಿಗೆ ಬೇಕಾಗಿತ್ತು. ಇಂಗ್ಲೆಂಡಿನ ದೊರೆಗಳು ಆರಂಭದ ವಸಾಹತುಗಳಿಗೆ ಬೊಕ್ಕಸದ ಹಣ ಹೂಡಲಿಲ್ಲ. ಅವರು ಕೊಟ್ಟದ್ದು ಮುದ್ರೆಯೊತ್ತಿದ ಕಾಗದ. ಹಣವನ್ನೂ ಜನರನ್ನೂ ಹೊಂದಿಸುವ ಹೊಣೆ ಕಾಗದ ಪಡೆದವರದು. ಹೀಗೆ ಹಣ ಹಾಕಿದವರು ಒಂದು ದಡದಲ್ಲಿ, ಹೊಲ ಉತ್ತವರು ವಾರಗಟ್ಟಲೆ ಹಡಗುಯಾನದಾಚೆಯ ಇನ್ನೊಂದು ದಡದಲ್ಲಿ ಉಳಿದಾಗ ಹುಟ್ಟಿದ ಜಗಳಗಳೇ ಈ ವಸಾಹತುಗಳ ಆಡಳಿತದ ಇತಿಹಾಸ. ಸ್ಥಾಪಕರು ಸಾರಿದ ಉದ್ದೇಶಗಳಿಗಿಂತ ಈ ಮೂರು ಪ್ರಶ್ನೆಗಳ ಉತ್ತರವೇ ಒಂದೊಂದು ವಸಾಹತಿನ ಸ್ವರೂಪವನ್ನು ಹೆಚ್ಚಾಗಿ ನಿರ್ಧರಿಸಿತು ಎಂಬುದು ನನ್ನ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಅದರ ಮೇಲೆಯೇ ನಿಂತಿದೆ.

ವರ್ಜೀನಿಯಾ: ಭೂಮಿ, ದುಡಿಮೆ ಮತ್ತು ಕಂಪನಿಯ ಆಳ್ವಿಕೆ

ಒಂದನೆಯ ಜೇಮ್ಸ್ ದೊರೆ 1606ರ ಏಪ್ರಿಲ್ 10ರಂದು ಕೊಟ್ಟ ಸನ್ನದಿನ ಆಧಾರದ ಮೇಲೆ ಲಂಡನ್ನಿನ ವರ್ತಕರು ಕಳುಹಿಸಿದ ಮೂರು ಹಡಗುಗಳು 1607ರ ಮೇ ತಿಂಗಳಲ್ಲಿ ಜೇಮ್ಸ್‌ಟೌನ್ ತಲುಪಿದವು. ಅಲ್ಲಿ ಯಾರು ಆಳಬೇಕು ಎಂಬುದು ಹಡಗೇರಿದವರಿಗೆ ತಿಳಿದಿರಲಿಲ್ಲ. ಮಂಡಲಿಯ ಸದಸ್ಯರ ಹೆಸರುಗಳು ಮುದ್ರೆ ಹಾಕಿದ ಪೆಟ್ಟಿಗೆಯೊಳಗಿದ್ದವು, ಅದನ್ನು ತೆರೆಯಬೇಕಾದದ್ದು ದಡ ಮುಟ್ಟಿದ ಮೇಲೆ. ತೆರೆದು ನೋಡಿದಾಗ ಪ್ರಯಾಣದ ನಡುವೆ ಬಂಧನಕ್ಕೊಳಗಾಗಿದ್ದ ಜಾನ್ ಸ್ಮಿತ್‌ನ ಹೆಸರೂ ಅದರಲ್ಲಿತ್ತು. ದೂರದಿಂದ ಆಳುವುದರ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಸಿಗುವುದು ಅಪರೂಪ.

ಮಂಡಲಿಯ ಒಳಜಗಳ ಕಂಡ ಕಂಪನಿ 1609ರ ಎರಡನೆಯ ಸನ್ನದಿನ ಮೂಲಕ ಗವರ್ನರನ ಕೈಗೆ ಬಹುಪಾಲು ಸರ್ವಾಧಿಕಾರವನ್ನೇ ಕೊಟ್ಟಿತು. 1609–10ರ ಚಳಿಗಾಲದ ಹಸಿವಿನಲ್ಲಿ ವಸಾಹತಿನ ಬಹುತೇಕ ಜನ ಸತ್ತು ಸುಮಾರು 60 ಮಂದಿ ಉಳಿದರು. ಆಮೇಲೆ ಬಂದ ಥಾಮಸ್ ಗೇಟ್ಸ್ ಮತ್ತು ಥಾಮಸ್ ಡೇಲ್ ಸೇನಾ ಶಿಸ್ತಿನ ಕಠಿಣ ಕಾನೂನುಗಳನ್ನು ಹೇರಿದರು. ಈ ಕಾನೂನುಗಳಿಂದ ವಸಾಹತು ಉಸಿರು ಹಿಡಿದುಕೊಂಡಿತು, ಲಾಭ ಮಾತ್ರ ಬರಲಿಲ್ಲ. ಜಾನ್ ರಾಲ್ಫ್ ಬೆಳೆದು ತೋರಿಸಿದ ಹೊಗೆಸೊಪ್ಪು ಲಾಭದ ದಾರಿ ತೆರೆಯಿತು. ಜನ ಬಂದು ನೆಲೆಸಬೇಕಾದರೆ ಭೂಮಿ ಕೊಡಬೇಕು, ಹೇಳಿಕೇಳುವ ಅವಕಾಶ ಕೊಡಬೇಕು ಎಂದು ಕಂಪನಿಗೆ ಮನವರಿಕೆಯಾದದ್ದು 1618ರಲ್ಲಿ. ಸ್ವಂತ ಖರ್ಚಿನಲ್ಲಿ ಒಬ್ಬನನ್ನು ಕರೆತಂದವರಿಗೆ ತಲೆಗೆ 50 ಎಕರೆ ಎಂಬ ಪದ್ಧತಿಯೂ ಪ್ರತಿನಿಧಿ ಸಭೆಯೂ ಒಂದೇ ಸುಧಾರಣೆಯ ಎರಡು ತುದಿಗಳು. 1619ರ ಜುಲೈ 30ರಂದು ಗವರ್ನರ್ ಜಾರ್ಜ್ ಯಾರ್ಡ್ಲಿ ಜೇಮ್ಸ್‌ಟೌನಿನ ಚರ್ಚಿನಲ್ಲಿ ಸೇರಿಸಿದ ಸಭೆಗೆ 11 ನೆಲೆಗಳಿಂದ ತಲಾ ಇಬ್ಬರಂತೆ 22 ಪ್ರತಿನಿಧಿಗಳು ಆಯ್ಕೆಯಾಗಿದ್ದರು. ಜಾನ್ ಮಾರ್ಟಿನ್ ಎಂಬುವನ ಜಮೀನಿನಿಂದ ಬಂದ ಇಬ್ಬರಿಗೆ ಮಾತ್ರ ಸಭೆ ಪ್ರವೇಶ ನಿರಾಕರಿಸಿತು. ವಸಾಹತಿನ ಕಾನೂನುಗಳಿಂದ ತನಗೆ ವಿನಾಯಿತಿ ಕೊಡುವ ಷರತ್ತು ಅವನ ಭೂಪತ್ರದಲ್ಲಿತ್ತು. ಕಾನೂನಿಗೆ ಒಳಪಡದವನ ಕಡೆಯವರು ಕಾನೂನು ಮಾಡಲು ಕೂರುವುದು ಹೇಗೆ ಎಂಬುದು ಸಭೆಯ ವಾದವಾಗಿತ್ತು.

ಈ ಸಭೆಯನ್ನು ಅಮೆರಿಕದ ಪ್ರಜಾಪ್ರಭುತ್ವದ ತೊಟ್ಟಿಲೆಂದು ಕರೆದು ಮುಂದೆ ಸಾಗುವವರು ಹಲವರು. ಆದರೆ ಆ ಸಭೆಯ ಕಾನೂನುಗಳಿಗೆ ಲಂಡನ್ನಿನಲ್ಲಿದ್ದ ಕಂಪನಿಯ ಒಪ್ಪಿಗೆ ಬೇಕಿತ್ತು, ಮತ್ತು ಸಭೆ ಮುಗಿದ ಕೆಲವೇ ವಾರಗಳಲ್ಲಿ, ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ, ಪಾಯಿಂಟ್ ಕಂಫರ್ಟ್‌ಗೆ ಬಂದ ಹಡಗಿನಿಂದ ಇಪ್ಪತ್ತಕ್ಕೂ ಮಿಕ್ಕಿದ ಆಫ್ರಿಕನ್ನರನ್ನು ಇಳಿಸಿ ಆಹಾರಸಾಮಗ್ರಿಗೆ ಬದಲಾಗಿ ಮಾರಲಾಯಿತು. ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ ಎಂದು ಗುಲಾಮಗಿರಿಯನ್ನು ವಂಶಪಾರಂಪರ್ಯಗೊಳಿಸಿದ 1662ರ ಕಾನೂನನ್ನು ಮಾಡಿದ್ದೂ ಇದೇ ಸಭೆಯ ಉತ್ತರಾಧಿಕಾರಿಗಳು. ಸ್ವಯಮಾಡಳಿತವೂ ಗುಲಾಮಗಿರಿಯೂ ಒಂದೇ ಸಂಸ್ಥೆಯೊಳಗೆ ಬೆಳೆದ ಬಗೆಯನ್ನು ನೋಡಬೇಕೆನ್ನುವವರು ವರ್ಜೀನಿಯಾವನ್ನೇ ಆರಿಸಿಕೊಳ್ಳಬೇಕು.

ಕನ್ನಡದ ಓದುಗರಿಗೆ ಇಲ್ಲಿ ಪರಿಚಿತ ಎಳೆಯೊಂದು ಸಿಗುತ್ತದೆ. 1600ರ ಡಿಸೆಂಬರ್ 31ರಂದು ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮೈತ್, 1609ರ ನಂತರ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಅದರ ಮುಖ್ಯಸ್ಥನೂ ಆಗಿದ್ದವನು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಮುರಿದ ಕಂಪನಿಯೂ ಜೇಮ್ಸ್‌ಟೌನನ್ನು ಕಟ್ಟಿದ ಕಂಪನಿಯೂ ಲಂಡನ್ನಿನ ಒಂದೇ ವರ್ತಕವಲಯದಲ್ಲಿ ಹುಟ್ಟಿದವು. ಷೇರುದಾರರ ಕೂಟವೊಂದು ದೂರದ ನೆಲವನ್ನು ಆಳುವ ಪರಿಯನ್ನು ಮೈಸೂರಿನ ಇತಿಹಾಸದ ಮೂಲಕ ಬಲ್ಲವರಿಗೆ ವರ್ಜೀನಿಯಾದ ದಾಖಲೆಗಳು ಬೇಗ ಒಗ್ಗುತ್ತವೆ. ಅಂತ್ಯ ಮಾತ್ರ ಬೇರೆ. ಅಲ್ಲಿನ ಮೂಲನಿವಾಸಿಗಳ ಪೌಹಟಾನ್ ಒಕ್ಕೂಟದ ನಾಯಕ ಒಪೆಚಾಂಕನೌ 1622ರ ಮಾರ್ಚ್ 22ರಂದು ನಡೆಸಿದ ದಾಳಿಯಲ್ಲಿ 347 ವಸಾಹತುಗಾರರು ಸತ್ತರು. ಸಾಲ, ಸಾವು ಮತ್ತು ಷೇರುದಾರರ ಪಕ್ಷಜಗಳಗಳ ನಡುವೆ 1624ರಲ್ಲಿ ಲಂಡನ್ನಿನ ನ್ಯಾಯಾಲಯ ಸನ್ನದನ್ನು ರದ್ದುಮಾಡಿತು. ದೊರೆ ಕಂಪನಿಯನ್ನು ತೆಗೆದುಹಾಕಿದ, ಸಭೆ ಹೋಗಲಿಲ್ಲ. 1639ರಲ್ಲಿ ಅದಕ್ಕೆ ರಾಜಮನ್ನಣೆಯೂ ದೊರೆಯಿತು.

ಮ್ಯಾಸಚೂಸೆಟ್ಸ್ ಬೇ: ಕಂಪನಿಯೇ ಸರ್ಕಾರವಾದ ಕಥೆ

ಆಡಳಿತವೇ ನಿಮ್ಮ ವಿಷಯವಾಗಿದ್ದು ಒಂದನ್ನಷ್ಟೇ ಓದಲು ಸಮಯವಿದ್ದರೆ ಮ್ಯಾಸಚೂಸೆಟ್ಸ್ ಬೇ ವಸಾಹತನ್ನು ಆರಿಸಿಕೊಳ್ಳಿ. ಒಂದನೆಯ ಚಾರ್ಲ್ಸ್ ದೊರೆ 1629ರ ಮಾರ್ಚ್ 4ರಂದು ಕೊಟ್ಟ ಇದರ ಸನ್ನದು ವರ್ಜೀನಿಯಾದ್ದರಂತೆಯೇ ವ್ಯಾಪಾರಿ ಕಂಪನಿಯ ಸನ್ನದು: ಒಬ್ಬ ಗವರ್ನರ್, ಸಹಾಯಕರು, ವರ್ಷಕ್ಕೆ ನಾಲ್ಕು ಬಾರಿ ಸೇರುವ ಸದಸ್ಯರ ಮಹಾಸಭೆ. ಆದರೆ ಕಂಪನಿ ಎಲ್ಲಿ ಸಭೆ ಸೇರಬೇಕೆಂದು ಅದರಲ್ಲಿ ಹೇಳಿರಲಿಲ್ಲ. ಆ ಮೌನವನ್ನು ಪ್ಯೂರಿಟನ್ (ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆನ್ನುವ ಪಂಥದ) ಷೇರುದಾರರು ಬಳಸಿಕೊಂಡರು. ಕಂಪನಿಯ ಆಡಳಿತವನ್ನೂ ಸನ್ನದನ್ನೂ ನಮ್ಮೊಡನೆ ಸಾಗಿಸುವುದಾದರೆ ನಾವು ಹೊರಡುತ್ತೇವೆ ಎಂದು 1629ರ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ಹನ್ನೆರಡು ಮಂದಿ ಒಪ್ಪಂದಕ್ಕೆ ಸಹಿ ಹಾಕಿದರು. ಅಕ್ಟೋಬರಿನಲ್ಲಿ ಜಾನ್ ವಿನ್ತ್ರಾಪ್ ಗವರ್ನರನಾಗಿ ಆಯ್ಕೆಯಾದ. 1630ರಲ್ಲಿ ಸನ್ನದು ಅವನ ಜೊತೆಯಲ್ಲಿ ಸಾಗರ ದಾಟಿತು. ಷೇರುದಾರರ ಮಹಾಸಭೆ ಅಲ್ಲಿ ಶಾಸನಸಭೆಯಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಶಾಸಕಾಂಗಕ್ಕೆ ಇಂದಿಗೂ ಅಧಿಕೃತವಾಗಿ ಜನರಲ್ ಕೋರ್ಟ್ ಎಂಬ ಆ ಕಂಪನಿ ಕಾಲದ ಹೆಸರೇ ಇದೆ.

ಇದರ ಮುಂದಿನ ಹದಿನೈದು ವರ್ಷಗಳು ಯಾವುದೇ ವಸಾಹತಿಗಿಂತ ಹೆಚ್ಚು ಪಾಠ ಕಲಿಸುತ್ತವೆ. ವಲಸೆ ಬಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸದಸ್ಯತ್ವ ಕೇಳಿದರು. 1631ರಲ್ಲಿ ಅವರನ್ನು ಸೇರಿಸಿಕೊಂಡು, ಇನ್ನು ಮುಂದೆ ಚರ್ಚಿನ ಸದಸ್ಯರಿಗಷ್ಟೇ ಮತಾಧಿಕಾರ ಎಂದು ನಿರ್ಣಯಿಸಲಾಯಿತು. ಷೇರಿನ ಜಾಗಕ್ಕೆ ಚರ್ಚು ಬಂತು. ಆದರೂ ಕಾನೂನು ಮಾಡುವ ಅಧಿಕಾರವನ್ನು ವಿನ್ತ್ರಾಪ್ ಮತ್ತು ಸಹಾಯಕರು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. 1632ರಲ್ಲಿ ಕೋಟೆಗೋಡೆಯ ಖರ್ಚಿಗೆ ತೆರಿಗೆ ಹಾಕಿದಾಗ ವಾಟರ್‌ಟೌನಿನ ಜನ ತಕರಾರು ತೆಗೆದರು. 1634ರಲ್ಲಿ ಊರುಗಳ ಪ್ರತಿನಿಧಿಗಳು ಬಂದು ಸನ್ನದನ್ನು ತೋರಿಸಿ ಎಂದು ಕೇಳಿದರು. ಓದಿದಾಗ, ಕಾನೂನು ಮಾಡುವ ಅಧಿಕಾರ ಸದಸ್ಯರೆಲ್ಲರ ಸಭೆಗೆ ಸೇರಿದ್ದೆಂದು ತಿಳಿಯಿತು. ಆ ವರ್ಷದ ಚುನಾವಣೆಯಲ್ಲಿ ವಿನ್ತ್ರಾಪ್ ಗವರ್ನರ್ ಪದವಿ ಕಳೆದುಕೊಂಡ, ಊರುಗಳ ಪ್ರತಿನಿಧಿಗಳು ಸಭೆಯ ಖಾಯಂ ಭಾಗವಾದರು. ಕಾಗದ ಲಂಡನ್ನಿನಲ್ಲಿ ಉಳಿದಿದ್ದರೆ ಅದನ್ನು ತೋರಿಸಿ ಎಂದು ಕೇಳುವುದಾದರೂ ಯಾರನ್ನು?

ಶರ್ಮನ್ ಎಂಬ ಬಡ ಹೆಂಗಸಿನ ಹೆಣ್ಣುಹಂದಿಯೊಂದು ಕಳೆದುಹೋದ ವ್ಯಾಜ್ಯವಂತೂ ಈ ಇತಿಹಾಸದ ಅತ್ಯಂತ ಸ್ವಾರಸ್ಯದ ಪ್ರಸಂಗ. ಪ್ರತಿವಾದಿ ಶ್ರೀಮಂತ ವ್ಯಾಪಾರಿ ರಾಬರ್ಟ್ ಕೇನ್. ಸಹಾಯಕರು ಅವನ ಕಡೆ, ಪ್ರತಿನಿಧಿಗಳಲ್ಲಿ ಹೆಚ್ಚಿನವರು ಹೆಂಗಸಿನ ಕಡೆ ನಿಂತಾಗ, ಒಬ್ಬರ ನಿರ್ಧಾರವನ್ನು ಇನ್ನೊಬ್ಬರು ತಡೆಹಿಡಿಯಬಹುದೇ ಎಂಬ ಪ್ರಶ್ನೆ ಎದ್ದಿತು. 1644ರಲ್ಲಿ ಎರಡೂ ಗುಂಪುಗಳು ಬೇರೆಬೇರೆಯಾಗಿ ಕುಳಿತು, ಕಾನೂನಿಗೆ ಎರಡರ ಒಪ್ಪಿಗೆಯೂ ಬೇಕೆಂದು ಗೊತ್ತುಮಾಡಲಾಯಿತು. ಎರಡು ಸದನಗಳ ಶಾಸಕಾಂಗ ಅಲ್ಲಿ ಹುಟ್ಟಿದ್ದು ಸಿದ್ಧಾಂತದಿಂದಲ್ಲ.

ಈ ವಸಾಹತನ್ನು ಪಾದ್ರಿಗಳ ರಾಜ್ಯವೆಂದು ತಳ್ಳಿಹಾಕುವ ರೂಢಿಯಿದೆ. ಅಲ್ಲಿ ಪಾದ್ರಿಗಳು ಸರ್ಕಾರಿ ಹುದ್ದೆ ಹಿಡಿಯುತ್ತಿರಲಿಲ್ಲ, ಅವರ ಪ್ರಭಾವ ಮಾತ್ರ ಅಪಾರವಾಗಿತ್ತು. ಅಲ್ಲಿನ ಚರ್ಚಿನ ನಿಲುವನ್ನು ಒಪ್ಪದ ರೋಜರ್ ವಿಲಿಯಮ್ಸ್‌ನ ಗಡೀಪಾರು, ಆನ್ ಹಚಿನ್ಸನ್‌ಳ ವಿಚಾರಣೆ, 1659ರಿಂದ 1661ರ ನಡುವೆ ಮೇರಿ ಡಯರ್ ಸೇರಿದಂತೆ ಕ್ವೇಕರ್ ಎಂಬ ಕ್ರೈಸ್ತ ಪಂಥದ ನಾಲ್ವರಿಗೆ ಗಲ್ಲು, ಇವೆಲ್ಲ ನಡೆದದ್ದು ಪ್ರತಿವರ್ಷ ಚುನಾಯಿತವಾಗುತ್ತಿದ್ದ ಸರ್ಕಾರದ ಕೈಯಿಂದ. ವ್ಯಕ್ತಿಯ ರಕ್ಷಣೆಗೆಂದು 1641ರಲ್ಲಿ ರಚಿಸಿದ ಹಕ್ಕುಗಳ ಸಂಹಿತೆಯೇ ಯುದ್ಧದಲ್ಲಿ ಸೆರೆಸಿಕ್ಕವರನ್ನೂ ಮಾರಾಟಕ್ಕೆ ಬಂದ ಪರಕೀಯರನ್ನೂ ಗುಲಾಮರಾಗಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಇಂಗ್ಲೆಂಡ್ 1684ರಲ್ಲಿ ಸನ್ನದನ್ನು ರದ್ದುಗೊಳಿಸಿ, ಸಭೆಯಿಲ್ಲದೆ ತೆರಿಗೆ ಹಾಕುವ ಅಧಿಕಾರದೊಂದಿಗೆ ಎಡ್ಮಂಡ್ ಆಂಡ್ರೋಸ್‌ನನ್ನು ಕಳುಹಿಸಿದಾಗ, 1689ರ ಏಪ್ರಿಲ್ 18ರಂದು ಬಾಸ್ಟನ್ನಿನ ಜನ ಅವನನ್ನು ಸೆರೆಹಿಡಿದರು. 1691ರ ಹೊಸ ಸನ್ನದು ಗವರ್ನರನನ್ನು ನೇಮಿಸುವ ಅಧಿಕಾರವನ್ನು ದೊರೆಗೆ ಕೊಟ್ಟು, ಮತಾಧಿಕಾರಕ್ಕೆ ಚರ್ಚಿನ ಬದಲು ಆಸ್ತಿಯನ್ನು ಅರ್ಹತೆಯಾಗಿಸಿತು.

ಪ್ಲಿಮತ್: ಹೆಸರಿಗೆ ತಕ್ಕಷ್ಟು ಹುರುಳಿಲ್ಲ

ಹೆಚ್ಚು ಜನ ಮೊದಲು ಆರಿಸಿಕೊಳ್ಳುವುದು ಪ್ಲಿಮತ್ ವಸಾಹತನ್ನು. ಆಡಳಿತದ ಅಧ್ಯಯನಕ್ಕೆ ಅದನ್ನು ನಾನು ಸೂಚಿಸುವುದಿಲ್ಲ. ಮೇಫ್ಲವರ್ ಹಡಗಿನ 102 ಪ್ರಯಾಣಿಕರ ಬಳಿ ಇದ್ದ ಹಕ್ಕುಪತ್ರ ವರ್ಜೀನಿಯಾ ಕಂಪನಿಯ ವ್ಯಾಪ್ತಿಯ ನೆಲಕ್ಕೆ ಸಂಬಂಧಿಸಿದ್ದು. ಅವರು ಲಂಗರು ಹಾಕಿದ್ದು ಆ ವ್ಯಾಪ್ತಿಯ ಆಚೆ, ಕೇಪ್ ಕಾಡ್‌ನಲ್ಲಿ. ಇಲ್ಲಿ ನಮ್ಮನ್ನು ಆಳುವ ಅಧಿಕಾರ ಯಾರಿಗೂ ಇಲ್ಲ ಎಂದು ಕೆಲವರು ಗೊಣಗತೊಡಗಿದಾಗ 1620ರ ನವೆಂಬರ್ 11ರಂದು 41 ಗಂಡಸರು ಒಡಂಬಡಿಕೆಗೆ ಸಹಿ ಹಾಕಿದರು. ಕಾಗದವಿಲ್ಲದವರು ತಾವೇ ಕಾಗದ ಬರೆದುಕೊಂಡದ್ದು ಗಮನಾರ್ಹವೇ. ಆದರೆ ದೊರೆಯ ಸನ್ನದು ಪಡೆಯಲು ಈ ವಸಾಹತಿಗೆ ಕೊನೆಯವರೆಗೂ ಆಗಲಿಲ್ಲ, ಮತ್ತು 1691ರಲ್ಲಿ ಅದು ಮ್ಯಾಸಚೂಸೆಟ್ಸ್‌ನಲ್ಲಿ ವಿಲೀನವಾಯಿತು. ಸಣ್ಣ ಸಮುದಾಯವೊಂದು ಲಂಡನ್ನಿನ ಹೂಡಿಕೆದಾರರ ಸಾಲ ತೀರಿಸಲು ಪಟ್ಟ ಪಾಡನ್ನು ತಿಳಿಯಬಯಸುವವರು ಇದನ್ನು ಓದಬಹುದು.

ರೋಡ್ ಐಲೆಂಡ್ ಮತ್ತು ಕನೆಕ್ಟಿಕಟ್

ಧರ್ಮ ಮತ್ತು ಪ್ರಭುತ್ವದ ಸಂಬಂಧವೇ ನಿಮ್ಮ ಪ್ರಶ್ನೆಯಾದರೆ ರೋಡ್ ಐಲೆಂಡ್‌ಗೆ ಹೋಗಬೇಕು. ದೊರೆಗೆ ತನ್ನದಲ್ಲದ ಭೂಮಿಯನ್ನು ಸನ್ನದಿನ ಮೂಲಕ ಹಂಚುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದ್ದು ರೋಜರ್ ವಿಲಿಯಮ್ಸ್‌ನ ಅಪರಾಧಗಳಲ್ಲಿ ಒಂದು. ಮ್ಯಾಸಚೂಸೆಟ್ಸ್‌ನಿಂದ ಹೊರಬಿದ್ದ ಅವನು 1636ರಲ್ಲಿ ನರ‍್ರಗಾನ್ಸೆಟ್ ಮೂಲನಿವಾಸಿಗಳ ಮುಖಂಡರಿಂದ ನೆಲ ಪಡೆದು ಪ್ರಾವಿಡೆನ್ಸ್ ಕಟ್ಟಿದ. ಆದರೆ ನೆರೆಯ ವಸಾಹತುಗಳು ನೆಲ ಕಬಳಿಸಲು ಹೊಂಚುಹಾಕಿದಾಗ ಅವನಿಗೂ ಇಂಗ್ಲೆಂಡಿನ ಕಾಗದವೇ ಬೇಕಾಯಿತು: 1644ರಲ್ಲಿ ಪಾರ್ಲಿಮೆಂಟಿನಿಂದ ಒಂದು, 1663ರಲ್ಲಿ ಜಾನ್ ಕ್ಲಾರ್ಕ್‌ನ ಪ್ರಯತ್ನದಿಂದ ಎರಡನೆಯ ಚಾರ್ಲ್ಸ್‌ನಿಂದ ಇನ್ನೊಂದು. ಧರ್ಮದ ವಿಷಯದಲ್ಲಿನ ಭಿನ್ನಾಭಿಪ್ರಾಯಕ್ಕಾಗಿ ಯಾರನ್ನೂ ದಂಡಿಸಕೂಡದು ಎಂಬ ಮಾತನ್ನು ಒಳಗೊಂಡ ಆ ಸನ್ನದು 1843ರವರೆಗೂ, ಅಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೂ, ಆ ರಾಜ್ಯದ ಮೂಲ ಕಾನೂನಾಗಿ ಉಳಿಯಿತು. ಅಷ್ಟು ದೀರ್ಘ ಬಾಳಿಕೆಗೂ ಬೆಲೆ ತೆರಬೇಕಾಯಿತು. ಅದರಡಿ ನಿಂತ ಹಳೆಯ ಮತದಾನ ನಿಯಮಗಳ ವಿರುದ್ಧ 1842ರಲ್ಲಿ ದಂಗೆಯೇ ಎದ್ದಿತು. ಕನೆಕ್ಟಿಕಟ್ 1639ರಲ್ಲಿ ತನ್ನದೇ ಮೂಲ ನಿಬಂಧನೆಗಳನ್ನು ರಚಿಸಿಕೊಂಡು 1662ರಲ್ಲಿ ರಾಜಸನ್ನದು ಪಡೆಯಿತು. ಲಿಖಿತ ಸಂವಿಧಾನದ ಪೂರ್ವೇತಿಹಾಸ ಹುಡುಕುವವರಿಗೆ ಇದು ಬೇಕು, ಉಳಿದವರು ಬಿಡಬಹುದು.

ಮೇರಿಲ್ಯಾಂಡ್ ಅಥವಾ ಪೆನ್ಸಿಲ್ವೇನಿಯಾ

ಒಬ್ಬನೇ ಒಡೆಯನಿರುವ ವಸಾಹತನ್ನು ಓದಬೇಕೆಂದರೆ ಪೈಪೋಟಿ ಇವೆರಡರ ನಡುವೆ. ಮೇರಿಲ್ಯಾಂಡ್‌ನ 1632ರ ಸನ್ನದು ಎರಡನೆಯ ಲಾರ್ಡ್ ಬಾಲ್ಟಿಮೋರ್ ಸೆಸಿಲಿಯಸ್ ಕಾಲ್ವರ್ಟ್‌ಗೆ ಡರ್ಹಮ್‌ನ ಬಿಷಪ್ಪನಿಗೆ ಹಿಂದೆ ಇದ್ದಂಥ, ತನ್ನ ನೆಲದೊಳಗೆ ಹೆಚ್ಚುಕಡಿಮೆ ದೊರೆಯಷ್ಟೇ ಆದ ಅಧಿಕಾರ ಕೊಟ್ಟಿತು. ಅವನು ದೊರೆಗೆ ಸಲ್ಲಿಸಬೇಕಾದದ್ದು ವರ್ಷಕ್ಕೆ ಆ ನೆಲದ ಎರಡು ಬಾಣಗಳು ಮತ್ತು ಚಿನ್ನ ಬೆಳ್ಳಿ ಸಿಕ್ಕರೆ ಅದರ ಐದನೆಯ ಒಂದು ಪಾಲು. ಕಾನೂನಿಗೆ ನಿವಾಸಿಗಳ ಸಲಹೆ ಮತ್ತು ಒಪ್ಪಿಗೆ ಬೇಕು ಎಂಬ ಒಂದು ವಾಕ್ಯ ಮಾತ್ರ ಅದರಲ್ಲಿ ಸೇರಿತ್ತು. ಆ ಒಂದು ವಾಕ್ಯವೇ ಸಾಕಾಯಿತು: ಕಾಲ್ವರ್ಟ್ ಕಳುಹಿಸಿದ ಮಸೂದೆಗಳನ್ನು ಸಭೆ 1638ರಲ್ಲಿ ತಿರಸ್ಕರಿಸಿ, ಮಸೂದೆ ಮಂಡಿಸುವ ಹಕ್ಕನ್ನು ತನ್ನದಾಗಿಸಿಕೊಂಡಿತು. 1649ರ ಸಹಿಷ್ಣುತೆಯ ಕಾನೂನು ಪ್ರಸಿದ್ಧ, ಆದರೆ ಅದರ ರಕ್ಷಣೆ ತ್ರಯೈಕ್ಯವನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬುದನ್ನು) ನಂಬುವ ಕ್ರೈಸ್ತರಿಗೆ ಮಾತ್ರ. ನಂಬದೆ ನಿರಾಕರಿಸಿದವರಿಗೆ ಅದೇ ಕಾನೂನು ಮರಣದಂಡನೆ ವಿಧಿಸಿತ್ತು. ಇದನ್ನು ಹೇಳದೆ ಆ ಕಾನೂನನ್ನು ಹೊಗಳುವ ಬರಹಗಳೇ ಹೆಚ್ಚು.

ಪೆನ್ಸಿಲ್ವೇನಿಯಾದ ಸನ್ನದು 1681ರದು. ನಡುವಿನ ಅರ್ಧ ಶತಮಾನದಲ್ಲಿ ಇಂಗ್ಲೆಂಡ್ ಎಷ್ಟು ಹುಷಾರಾಗಿತ್ತು ಎಂಬುದು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ತಿಳಿಯುತ್ತದೆ. ತಾನಾಗಲಿ ತನ್ನ ಉತ್ತರಾಧಿಕಾರಿಗಳಾಗಲಿ ತೆರಿಗೆ ಹಾಕುವುದಿಲ್ಲವೆಂದು ಮೇರಿಲ್ಯಾಂಡ್‌ಗೆ ದೊರೆ ಮಾತು ಕೊಟ್ಟಿದ್ದ. ಪೆನ್ಸಿಲ್ವೇನಿಯಾದ ಸನ್ನದಿನಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ತೆರಿಗೆ ಹಾಕುವ ದಾರಿಯನ್ನು ತೆರೆದಿಡಲಾಯಿತು, ಮತ್ತು ಅಲ್ಲಿನ ಕಾನೂನುಗಳನ್ನು ಐದು ವರ್ಷದೊಳಗೆ ದೊರೆಯ ಸಲಹಾಮಂಡಲಿಯಾದ ಪ್ರಿವಿ ಕೌನ್ಸಿಲ್‌ಗೆ ಕಳುಹಿಸುವಂತೆ ಕಟ್ಟುಮಾಡಲಾಯಿತು. ತನ್ನ ತಂದೆಗೆ ದೊರೆ ಕೊಡಬೇಕಾಗಿದ್ದ 16,000 ಪೌಂಡ್ ಸಾಲದ ಲೆಕ್ಕದಲ್ಲಿ ಈ ನೆಲ ಪಡೆದ ವಿಲಿಯಂ ಪೆನ್ ಉದಾರ ಮನಸ್ಸಿನವನೇ. ಆದರೂ ಅವನ 1682ರ ಆಡಳಿತ ಚೌಕಟ್ಟಿನಲ್ಲಿ ಜನಪ್ರತಿನಿಧಿ ಸಭೆಗೆ ಇದ್ದದ್ದು ಹೌದು ಅಥವಾ ಅಲ್ಲ ಎನ್ನುವ ಹಕ್ಕು ಮಾತ್ರ. ಸಭೆ ಜಗ್ಗಾಡಿ, 1701ರ ಹಕ್ಕುಪತ್ರದ ಹೊತ್ತಿಗೆ ಕಾನೂನು ಮಾಡುವ ಅಧಿಕಾರವನ್ನು ಪೂರ್ತಿಯಾಗಿ ಪಡೆದು ಒಂದೇ ಸದನದ ಶಾಸಕಾಂಗವಾಯಿತು. ಅದು 1776ರವರೆಗೆ ನಡೆಯಿತು. ಪೆನ್ ಅಮೆರಿಕದಲ್ಲಿದ್ದದ್ದು ಎರಡೇ ಅವಧಿ, ಒಟ್ಟು ಸುಮಾರು ನಾಲ್ಕು ವರ್ಷ. 1708ರಲ್ಲಿ ಸಾಲಕ್ಕಾಗಿ ಇಂಗ್ಲೆಂಡಿನಲ್ಲಿ ಸೆರೆವಾಸವನ್ನೂ ಅನುಭವಿಸಿದ.

ಕಾನೂನಿನ ವಿದ್ಯಾರ್ಥಿಗಳಿಗೆ ಮೇರಿಲ್ಯಾಂಡ್ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಅಲ್ಲಿ ಒಡೆಯನ ಹಕ್ಕು ಗರಿಷ್ಠವಾಗಿದ್ದು ಅದು ಸವೆಯುವುದು ಕಣ್ಣಿಗೆ ಕಾಣುತ್ತದೆ. ಮೂಲನಿವಾಸಿಗಳೊಂದಿಗಿನ ಒಪ್ಪಂದಗಳನ್ನು ನೋಡುವವರು ಪೆನ್ಸಿಲ್ವೇನಿಯಾವನ್ನು ಆರಿಸಿಕೊಳ್ಳಲಿ; ಆದರೆ ಪೆನ್ ಲೆನಾಪೆ ಜನರಿಂದ ನೆಲ ಕೊಂಡದ್ದರಲ್ಲಿಯೇ ಓದನ್ನು ನಿಲ್ಲಿಸದೆ, ಅವನ ಮಕ್ಕಳ ಕಾಲದಲ್ಲಿ, 1737ರಲ್ಲಿ, ಒಂದೂವರೆ ದಿನ ನಡೆದಷ್ಟು ದೂರದ ನೆಲ ಎಂಬ ಹಳೆಯ ಕರಾರನ್ನು ಮುಂದಿಟ್ಟು ಓಟಗಾರರನ್ನು ಓಡಿಸಿ ಅದೇ ಜನರ ಅಪಾರ ಭೂಮಿಯನ್ನು ಕಿತ್ತುಕೊಂಡದ್ದನ್ನೂ ಓದಬೇಕು.

ಕೆರೊಲಿನಾ ಮತ್ತು ಜಾರ್ಜಿಯಾ

ಕಾಗದದ ಮೇಲೆ ಸಮಾಜವನ್ನೇ ವಿನ್ಯಾಸಗೊಳಿಸಲು ಹೋದ ಎರಡು ಪ್ರಯತ್ನಗಳಿವು. ತತ್ವಜ್ಞಾನಿ ಜಾನ್ ಲಾಕ್ ಒಡೆಯರ ಕಾರ್ಯದರ್ಶಿಯಾಗಿದ್ದಾಗ ಸಿದ್ಧವಾದ ಕೆರೊಲಿನಾದ 1669ರ ಮೂಲ ಸಂವಿಧಾನ ವಂಶಪಾರಂಪರ್ಯ ಶ್ರೀಮಂತ ವರ್ಗವನ್ನು ಕಲ್ಪಿಸಿತು, ಗುಲಾಮರ ಮೇಲೆ ಒಡೆಯರಿಗೆ ಸಂಪೂರ್ಣ ಅಧಿಕಾರ ಕೊಟ್ಟಿತು. ಶ್ರೀಮಂತ ವರ್ಗದ ಕಲ್ಪನೆ ಪೂರ್ತಿಯಾಗಿ ಜಾರಿಯಾಗಲೇ ಇಲ್ಲ, ಗುಲಾಮರ ಮೇಲಿನ ಅಧಿಕಾರ ಬೇರೂರಿತು. ಜಾರ್ಜಿಯಾದ 1732ರ ಸನ್ನದು 21 ವರ್ಷಗಳ ಅವಧಿಗೆ ಧರ್ಮದರ್ಶಿಗಳ (ಟ್ರಸ್ಟಿಗಳ) ಮಂಡಳಿಗೆ ಸಿಕ್ಕಿತು. ಧರ್ಮದರ್ಶಿಗಳಿಗೆ ಅಲ್ಲಿ ಭೂಮಿಯಿಲ್ಲ, ಸಂಬಳವಿಲ್ಲ, ನಿವಾಸಿಗಳಿಗೆ ಕಾನೂನು ಮಾಡುವ ಸಭೆಯೂ ಇಲ್ಲ. ಗುಲಾಮಗಿರಿಯ ಮೇಲಿದ್ದ ನಿಷೇಧವನ್ನು ನಿವಾಸಿಗಳ ಒತ್ತಡಕ್ಕೆ ಮಣಿದು ಕೈಬಿಟ್ಟ ಅವರು, ಅವಧಿ ಮುಗಿಯುವ ಮೊದಲೇ 1752ರಲ್ಲಿ ಸನ್ನದನ್ನು ಒಪ್ಪಿಸಿ ಹೊರಟರು. ವಿಫಲವಾದ ಯೋಜನೆಗಳನ್ನು ಓದುವುದರಲ್ಲಿ ಆಸಕ್ತಿಯಿರುವವರಿಗೆ ಜಾರ್ಜಿಯಾ ಮೊದಲ ಆಯ್ಕೆಯೇ ಆಗಬಹುದು.

ಓದಲು ಕೂರುವ ಮುನ್ನ

ಯಾವುದನ್ನು ಆರಿಸಿಕೊಂಡರೂ ಮೊದಲು ಸನ್ನದನ್ನೇ ಓದಿ. ಯೇಲ್ ವಿಶ್ವವಿದ್ಯಾಲಯದ ಅವಲಾನ್ ಅಂತರ್ಜಾಲ ಸಂಗ್ರಹದಲ್ಲಿ ಇವುಗಳಲ್ಲಿ ಬಹುಪಾಲು ಉಚಿತವಾಗಿ ಸಿಗುತ್ತವೆ. ಹಳೆಯ ಕಾಗುಣಿತಕ್ಕೆ ಕಣ್ಣು ಒಗ್ಗಲು ಸ್ವಲ್ಪ ಸಮಯ ಬೇಕು. ಎರಡು ವಸಾಹತುಗಳನ್ನು ಹೋಲಿಸುವುದಾದರೆ ಮ್ಯಾಸಚೂಸೆಟ್ಸ್ ಮತ್ತು ವರ್ಜೀನಿಯಾಗಳ ಜೋಡಿ ಉತ್ತಮ, ಏಕೆಂದರೆ ಒಂದೇ ಬಗೆಯ ಕಂಪನಿ ಸನ್ನದು ಬೇರೆಬೇರೆ ದಡದಲ್ಲಿದ್ದಾಗ ಏನಾಗುತ್ತದೆ ಎಂಬುದು ಅಲ್ಲಿ ನೇರವಾಗಿ ಕಾಣುತ್ತದೆ. ದಿನಾಂಕಗಳ ವಿಷಯದಲ್ಲಿ ಎಚ್ಚರವಿರಲಿ: 1752ಕ್ಕೆ ಮುಂಚೆ ಇಂಗ್ಲೆಂಡ್ ಜೂಲಿಯನ್ ಪಂಚಾಂಗವನ್ನು ಅನುಸರಿಸುತ್ತಿತ್ತು ಮತ್ತು ಅದರ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಆದ್ದರಿಂದ ಮ್ಯಾಸಚೂಸೆಟ್ಸ್‌ನ ಸನ್ನದಿಗೆ ಹಳೆಯ ದಾಖಲೆಗಳಲ್ಲಿ 1628 ಎಂದೂ ಈಗಿನ ಪುಸ್ತಕಗಳಲ್ಲಿ 1629 ಎಂದೂ ಇಸವಿ ಕಂಡರೆ ಎರಡೂ ಸರಿಯೇ. ಕನೆಕ್ಟಿಕಟ್‌ನ ಮೂಲ ನಿಬಂಧನೆಗಳ ಜನವರಿ ದಿನಾಂಕಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.